ಕೊಳೆಯಲೆಂದೇ ಕೊಟ್ಟ ಚೀಲ

ಜನರಿಗೆ ಬುದ್ಧಿ ಹೇಳಲು ಹೋದವನು ತಾನೇ ಕಲಿತು ಬರುವುದು ಆರೋಗ್ಯ ನಿರೀಕ್ಷಕನ ನೌಕರಿಯಲ್ಲಿ ವಾರಕ್ಕೊಮ್ಮೆ ಇದ್ದದ್ದೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ತಿರುಗಿದ ಕಾಲ. ಅಂಗಳದ ಬೇವಿನೆಲೆ, ಒಣಹುಲ್ಲನ್ನು ಜನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುತ್ತಿದ್ದರು. ದನಗಳು ಚೀಲಸಮೇತ ನುಂಗಿ ಹೊಟ್ಟೆಯುಬ್ಬಿ ಸಾಯುತ್ತಿದ್ದವು. ಅದಕ್ಕೆಂದೇ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ, ಎಲೆಯ ಜೊತೆಗೇ ಕೊಳೆತು ಗೊಬ್ಬರವಾಗುವ ಚೀಲಗಳು ಬಂದವು. ಹಂಚುವ ಕೆಲಸ ನನ್ನ ಪಾಲಿಗೆ ಬಂತು.

ಹೊದಿಕೆ

ಮೊದಲ ದಿನವೇ ಒಬ್ಬ ಕಿರಾಣಿ ಅಂಗಡಿಯವರಿಗೆ, ಪ್ಲಾಸ್ಟಿಕ್ ಚೀಲ ಇಟ್ಟದ್ದಕ್ಕೆ ಜೋರು ಮಾಡಿದೆ. ನಂತರ ಹೊಸ ಚೀಲದ ಕಟ್ಟನ್ನು ಹೆಮ್ಮೆಯಿಂದ ಅವರ ಮುಂದಿಟ್ಟೆ. ಕಟ್ಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ದಾರ ಬಿಗಿದಿದ್ದರು. ಅವರು ಅದನ್ನೇ ನೋಡತೊಡಗಿದರು.

"ಮಳಿಗೆ ನೆನೀಬಾರದು ಅಂತ ಸುತ್ಯಾರ್ರಿ," ಎಂದೆ.

"ನನ್ನ ಸಕ್ಕರಿನೂ ಮಳಿಗೆ ನೆನೀಬಾರದ್ರಿ, ಸಾಹೇಬ್ರ," ಎಂದರು.

ಶಾವಿಗೆ

ರಾಮದುರ್ಗದ ಒಬ್ಬ ಅಜ್ಜಿ ಚೀಲವನ್ನು ಸವರಿ ನೋಡಿ, "ಏನ್ ಮೆತ್ತಗ ಐತೋ ತಮ್ಮಾ!" ಎಂದು ಒಳಗಿಟ್ಟುಕೊಂಡಳು. ಮಳೆಗಾಲ ಕಳೆದ ಮೇಲೆ ನಾನು ಮತ್ತೆ ಹೋದಾಗ ಬಾಗಿಲಲ್ಲೇ ತಡೆದಳು. ಬೇಸಿಗೆಯಲ್ಲಿ ಹೊಸೆದ ಶಾವಿಗೆಯನ್ನೆಲ್ಲ ಆ ಚೀಲದಲ್ಲಿ ತುಂಬಿ ಗೂಟಕ್ಕೆ ತೂಗುಹಾಕಿದ್ದಳಂತೆ. ಚೀಲ ಪುಡಿಯಾಗಿ ಶಾವಿಗೆ ನೆಲದ ಪಾಲಾಗಿತ್ತು.

"ಅಲ್ಲಬೇ, ಅದು ಕಸಾ ತುಂಬಾಕ ಕೊಟ್ಟದ್ದು!"

"ಅಷ್ಟ ಚೊಲೋ ಚೀಲದಾಗ ಕಸಾ ಯಾರ ತುಂಬ್ತಾರೋ?" ಎಂದವಳೇ ಹಿತ್ತಲಿಗೆ ಕೈ ತೋರಿಸಿದಳು. ಅಲ್ಲಿ ಬೇವಿನೆಲೆ ತುಂಬಿದ ಪ್ಲಾಸ್ಟಿಕ್ ಚೀಲ ಗುಂಡುಗುಂಡಾಗಿ ಕೂತಿತ್ತು. "ನೋಡ, ಕಸಾ ಹಾಕಿದ್ರೂ ಮರ್ಯಾದಿ ಬಿಟ್ಟಿಲ್ಲ ಅದು!"

ಪರೀಕ್ಷೆ

ಸವದತ್ತಿಯ ನಿವೃತ್ತ ಮಾಸ್ತರರು ಹೇಳಿದ್ದನ್ನು ನಂಬುವವರಲ್ಲ. ಎಲೆ ತುಂಬಿದ ಚೀಲವನ್ನು ಹಿತ್ತಲಲ್ಲಿ ಹೂತರು. ತಿಂಗಳ ನಂತರ ನನ್ನನ್ನು ಕರೆಸಿ, "ನಿಮ್ಮ ಚೀಲ ಕೊಳೆಯಂಗಿಲ್ಲ. ಇದು ಮೋಸ," ಎಂದರು.

"ಎಷ್ಟ ದಿನಕ್ಕೊಮ್ಮೆ ತಗದ ನೋಡೀರಿ?"

"ದಿನಾ ಮುಂಜಾನೆ. ತಗದು, ಝಾಡಿಸಿ, ಬಿಸಲಿಗಿಟ್ಟು ನೋಡಿ, ಮತ್ತ ಮುಚ್ಚತೇನಿ."

ಪಕ್ಕದ ಮನೆಯ ಟೆಂಪೊ ಡ್ರೈವರ್ ಸಾಬರು ಒಂದು ಕಾಲಕ್ಕೆ ಮಾಸ್ತರರ ಶಿಷ್ಯರೇ. ಬೇಲಿಯ ಆಚೆಯಿಂದ ಮೆಲ್ಲಗೆ ಅಂದರು: "ನನ್ನೂ ಹಿಂಗ ದಿನಾ ಝಾಡಿಸಿ ನೋಡ್ತಿದ್ರು. ಏಳನೇ ಕ್ಲಾಸ್ ಪಾಸಾಗ್ಲೇ ಇಲ್ರಿ."

ಮಾದರಿ ಮನೆ

ಬೈಲಹೊಂಗಲದಲ್ಲಿ ಬೆಳಗಾವಿಯ ದೊಡ್ಡ ಸಾಹೇಬರೊಬ್ಬರು ಸಭೆ ಮಾಡಿ, "ಇದು ಮೆಕ್ಕೆಜೋಳದ್ದು. ಎಲೆ ತುಂಬಿ ಕುಣಿಯಲ್ಲಿ ಹಾಕಿದರೆ ಮೂರು ತಿಂಗಳಲ್ಲಿ ಗೊಬ್ಬರ. ದನ ತಿಂದರೂ ಏನೂ ಆಗುವುದಿಲ್ಲ," ಎಂದು ಭಾಷಣ ಬಿಗಿದರು. ಮರುದಿನದಿಂದಲೇ ದೊಡವಾಡ ರಸ್ತೆಯ ಅಂಚಿನಲ್ಲಿದ್ದ ಒಬ್ಬ ರೈತ ಆಫೀಸಿಗೆ ಬರತೊಡಗಿದ. ಬಂದಾಗಲೆಲ್ಲ ಹತ್ತು ಚೀಲ ಒಯ್ಯುತ್ತಿದ್ದ.

"ಗೊಬ್ಬರ ಆಗಾಕ ಹತ್ತೇತೇನಪಾ?" ಎಂದರೆ, "ಭರ್ತಿ ಆಗಾಕ ಹತ್ತೇತ್ರಿ!" ಎನ್ನುತ್ತಿದ್ದ.

ಊರೆಲ್ಲ ತಿರುಗಿ ಸೋತ ನನಗೆ ಒಬ್ಬನಾದರೂ ಸಿಕ್ಕನಲ್ಲ ಎಂದು ಕಣ್ಣು ತುಂಬಿ ಬಂತು. ಸಾಹೇಬರಿಗೆ ತಿಳಿಸಿದೆ. ಅವರು ಶಾಲು, ಹಾರ, ಫೋಟೊದವನ ಸಮೇತ ಜೀಪಿನಲ್ಲಿ ಬಂದಿಳಿದರು.

ಹೋಗಿ ನೋಡಿದರೆ ಅಂಗಳದಲ್ಲಿ ಒಂದು ಗಿಡವೂ ಇಲ್ಲ. ಎಲೆ ಉದುರುವುದಾದರೂ ಎಲ್ಲಿಂದ? ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿ, "ಚೀಲ ಎಲ್ಲಪ್ಪಾ?" ಎಂದರು.

ಆತ ಸಂತೋಷದಿಂದ ಕೊಟ್ಟಿಗೆಗೆ ಕರೆದೊಯ್ದ. ಎಮ್ಮೆ ಕಣ್ಣು ಮುಚ್ಚಿ, ಹಸಿರು ಚೀಲದ ಕೊನೆಯ ತುದಿಯನ್ನು ಮೆಲ್ಲುತ್ತಿತ್ತು.

"ಜ್ವಾಳದ ಹೊಟ್ಟಿನ್ಯಾಗ ಹೆಚ್ಚಿ ಹಾಕಿದ್ರ ಬಾಯಿ ಎತ್ತೂದ ಇಲ್ರಿ," ಎಂದ.

"ಮತ್ತ ಗೊಬ್ಬರ?" ಸಾಹೇಬರು ಗುಡುಗಿದರು.

ಆತ ಎಮ್ಮೆಯ ಹಿಂದಿನ ರಾಶಿಯತ್ತ ಕೈ ಚಾಚಿದ. "ಇಲ್ಲೈತಲ್ರಿ! ನಿಮ್ಮ ಕುಣ್ಯಾಗ ಮೂರ ತಿಂಗಳ ಬೇಕಂತ. ನಮ್ಮ ಎಮ್ಮಿಗೆ ಒಂದ ದಿನ ಸಾಕ್ರಿ!"