ಕಂಪ್ಯೂಟರುಗಳಿಗೆ ವಿಳಾಸ ಹಂಚುವವಳು

ನಾನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ. ವಿವರಿಸಲು ಹೋದ ದಿನ ಒಂದು ಫಜೀತಿ ಗ್ಯಾರಂಟಿ. ಶಿಕಾರಿಪುರ, ಸೊರಬದ ಕಡೆ ನೆಟ್‌ವರ್ಕ್ ಜೋಡಿಸುವುದು ನನ್ನ ಕೆಲಸ. ಪ್ರತಿ ಕಂಪ್ಯೂಟರಿಗೂ ಐಪಿ ಅಡ್ರೆಸ್ ಅಂತ ಒಂದು ವಿಳಾಸ ಬೇಕು. ವೈರುಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯೇ ಅದನ್ನು ತಾನಾಗಿ ಹಂಚುವಂತೆ ಮಾಡಿಬಿಡುತ್ತೇನೆ. ಪೆಟ್ಟಿಗೆಗಳು ನಾನು ಹೇಳಿದ ಹಾಗೆ ಕೇಳುತ್ತವೆ. ಮನುಷ್ಯರದ್ದೇ ಬೇರೆ ಕತೆ.

ಸ್ವಿಚ್ ಹಾಕಲು ಹೋದದ್ದು

ಶಿಕಾರಿಪುರದ ಹತ್ತಿರ ಒಂದು ಹೈಸ್ಕೂಲು. "ಸರ್, ಸ್ವಿಚ್ ಹಾಕೋಕೆ ಬಂದಿದೀನಿ" ಅಂದೆ. ಹೆಡ್‌ಮಾಸ್ಟರರ ಮುಖ ಅರಳಿತು.

"ಬರ್ರಿ ಮೇಡಮ್, ಎಷ್ಟು ದಿನದಿಂದ ಕಾಯ್ತಿದೀವಿ!"

ಸೀದಾ ಒಂಬತ್ತನೇ ಕ್ಲಾಸಿಗೆ ಕರೆದೊಯ್ದು, ಗೋಡೆಯಿಂದ ಜೋತುಬಿದ್ದ ಫ್ಯಾನಿನ ಸ್ವಿಚ್ ತೋರಿಸಿದರು. ಬೆವರುತ್ತಿದ್ದ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅಲ್ಲ ಅನ್ನಲು ಮನಸ್ಸಾಗಲಿಲ್ಲ. ಮೇನ್ ಆಫ್ ಮಾಡಿಸಿ ಅದನ್ನೂ ಸರಿಮಾಡಿ, ಆಮೇಲೆ ಲ್ಯಾಬಿಗೆ ಹೋಗಿ ನನ್ನ ಪೆಟ್ಟಿಗೆ ಕೂರಿಸಿ ಬಂದೆ.

ಮರುದಿನ ಹೆಡ್‌ಮಾಸ್ಟರರ ಫೋನ್ ಬಂತು. "ಫ್ಯಾನ್ ಭಾರಿ ಚೆನ್ನಾಗಿ ತಿರುಗ್ತೈತ್ರಿ ಮೇಡಮ್. ಲ್ಯಾಬಿನಾಗೆ ನಿಮ್ದೊಂದು ಡಬ್ಬಿ ಮಿಣಮಿಣ ಅಂತೈತಿ, ಮರ್ತು ಹೋಗೀರಿ. ಬಂದು ತಗೊಂಡು ಹೋಗ್ರಿ."

ಹಂಚುವವರು ಇಬ್ಬರಾದರೆ

ಇನ್ನೊಂದು ಕಾಲೇಜಿನಿಂದ ದೂರು: ಅರ್ಧ ಕಂಪ್ಯೂಟರಿಗೆ ನೆಟ್ ಇಲ್ಲ. ನನಗೆ ಅನುಮಾನವೇ ಇರಲಿಲ್ಲ, ಬೇರೆ ಯಾವುದೋ ಪೆಟ್ಟಿಗೆಯೂ ವಿಳಾಸ ಹಂಚುತ್ತಿದೆ. ವೈರು ಹಿಡಿದು ಹೋದರೆ ಸ್ಟಾಫ್ ರೂಮಿನ ಬೀರುವಿನ ಹಿಂದೆ ಒಂದು ಹಳೇ ವೈಫೈ ಡಬ್ಬಿ! ಕ್ರಿಕೆಟ್ ನೋಡಲೆಂದು ಯಾರೋ ಮೇಷ್ಟ್ರು ಮನೆಯಿಂದ ತಂದು ಸಿಕ್ಕಿಸಿದ್ದರು.

"ಯಾರು ಮೊದಲು ಕೂಗ್ತಾರೋ ಕಂಪ್ಯೂಟರು ಅವರ ಮಾತು ಕೇಳುತ್ತೆ ಸರ್. ಒಂದರ ವೈರು ಕಿತ್ತರೆ ಆಯ್ತು" ಅಂತ ಪ್ರಿನ್ಸಿಪಾಲರಿಗೆ ವಿವರಿಸಿದೆ.

ಅವರು ನಿಟ್ಟುಸಿರು ಬಿಟ್ಟರು. "ನಮ್ಮನೇಲೂ ಅವ್ವ, ಹೆಂಡ್ತಿ ಹೀಗೇ ರೀ. ಅಲ್ಲಿ ಯಾವ ವೈರು ಕೀಳೋಣ?"

ಗೇಣಿ

ಸೊರಬದ ಒಂದು ಅಡಿಕೆ ಮಂಡಿ. ಹಳೇ ಜಮೀನುದಾರರ ಮನೆತನದ ಯಜಮಾನರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು.

"ಈ ಅಡ್ರೆಸ್ಸು ಕಂಪ್ಯೂಟರಿಗೆ ಖಾಯಮ್ಮಾ?"

"ಇಲ್ಲ ಯಜಮಾನ್ರೇ, ಲೀಸಿಗೆ ಕೊಡೋದು."

"ಲೀಸು ಅಂದ್ರೆ ಗೇಣಿ?"

"ಹೆಚ್ಚುಕಮ್ಮಿ ಹಾಗೇ."

ಅವರು ಎದ್ದೇ ನಿಂತರು. "ನಿಲ್ಸು ಮಾರಾಯ್ತಿ! ಗೇಣಿಗೆ ಕೊಟ್ಟೇ ನಮ್ಮಜ್ಜನ ಗದ್ದೆ ಹೋಗಿದ್ದು. ಕಾನೂನು ಬಂತು, ಗೇಣಿದಾರರೆಲ್ಲ ಡಿಕ್ಲರೇಷನ್ ಹಾಕಿದ್ರು, ಗದ್ದೆ ಅವರ ಹೆಸರಿಗೇ ಆಯ್ತು."

"ಇದು ಹಾಗಲ್ಲ. ಕಂಪ್ಯೂಟರು ಆಫ್ ಆಗಿದ್ದು ಅವಧಿ ಮುಗಿದ್ರೆ ಅಡ್ರೆಸ್ಸು ತಾನಾಗೇ ವಾಪಸ್ ಬರುತ್ತೆ."

"ಆಫ್ ಆಗದೆ ಅಲ್ಲೇ ಕೂತ್ರೆ?"

"ಆಗ ಅದರ ಹತ್ರಾನೇ ಇರುತ್ತೆ."

"ಮತ್ತೆ! ಅವರೂ ಅದನ್ನೇ ಮಾಡಿದ್ದು!"

ಹೇಗೋ ಸಮಾಧಾನ ಮಾಡಿ, ಕೆಲಸ ಮುಗಿಸಿಯೇ ಎದ್ದೆ. ಆಮೇಲೊಂದು ಸಂಜೆ ಆ ದಾರಿಯಲ್ಲಿ ಹೋಗುವಾಗ ಮಂಡಿಯೊಳಗೆ ಇಣುಕಿದೆ. ಯಜಮಾನರು ಒಂದೊಂದೇ ಕಂಪ್ಯೂಟರನ್ನು ಆಫ್ ಮಾಡುತ್ತ ಬರುತ್ತಿದ್ದರು. "ನನ್ನ ಕೆಲ್ಸ ಇನ್ನೂ ಮುಗಿದಿಲ್ಲ" ಎಂದು ಗುಮಾಸ್ತರು ಗೋಗರೆಯುತ್ತಿದ್ದರೂ ಬಿಡಲಿಲ್ಲ.

ನನ್ನನ್ನು ಕಂಡು ಜಂಬದಿಂದ ಹೇಳಿದರು: "ನೀನೇನೂ ಹೆದರ್ಬೇಡ ತಂಗಿ. ದಿನಾ ಸಂಜೆ ನಾನೇ ಎಲ್ಲರನ್ನೂ ಒಕ್ಕಲೆಬ್ಬಿಸ್ತಿದೀನಿ!"