ಮಾವನ ಸೊನ್ನೆ ಬಿಲ್ಲು

ಬ್ಯಾಡಗಿಯಲ್ಲಿರುವ ನನ್ನ ಸೋದರಮಾವ ತಮ್ಮ ಮನೆಯ ಕರೆಂಟ್ ಮೀಟರನ್ನು ನೋಡಿದಷ್ಟು ಹೊತ್ತು ನಮ್ಮ ಅತ್ತೆಯ ಮುಖವನ್ನು ನೋಡಿಲ್ಲ. ಇದು ನನ್ನ ಮಾತಲ್ಲ, ಅತ್ತೆಯದೇ! ಬೆಳಿಗ್ಗೆ ಎದ್ದು ಊರವರೆಲ್ಲ ದೇವರ ಫೋಟೋಕ್ಕೆ ಕೈ ಮುಗಿದರೆ, ಮಾವ ಕನ್ನಡಕ ಏರಿಸಿಕೊಂಡು ಮೀಟರಿನ ಮುಂದೆ ನಿಲ್ಲುತ್ತಾರೆ. ನಿನ್ನೆಗಿಂತ ಒಂದು ಯೂನಿಟ್ ಹೆಚ್ಚು ತಿರುಗಿತೋ, ಮನೆಯಲ್ಲಿ ವಿಚಾರಣೆ ಶುರು.

"ನಿನ್ನೆ ಮಿಕ್ಸರ್ ಎಷ್ಟೊತ್ತು ತಿರುಗಿಸಿದಿ?"

"ಕೆಂಪು ಚಟ್ನಿ ನುಣ್ಣಗ ಆಗೂತನಕಾರೀ."

"ಅಷ್ಟ್ಯಾಕ ನುಣ್ಣಗ? ನಮಗೇನು ಹಲ್ಲಿಲ್ಲೇನು?"

ಒಮ್ಮೆ ಹಾವೇರಿಯಿಂದ ಹೋದವನು ಅವರ ಮನೆಯಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿದೆ. ಮಾವ ಬೇಡವೆನ್ನಲಿಲ್ಲ. ಚಹಾ ಕೊಡಿಸಿದರು, ಕುಶಲ ಕೇಳಿದರು, ಕೊನೆಗೆ ಬಹಳ ಕಾಳಜಿಯಿಂದ, "ನಿಮ್ಮ ಹಾವೇರಿಯೊಳಗ ಕರೆಂಟ್ ತಗದಾರೇನಪಾ?" ಎಂದರು.

ಮನೆಗಳಿಗೆ ಕರೆಂಟ್ ಪುಕ್ಕಟೆ ಎಂದು ಸರ್ಕಾರ ಸಾರಿದ ದಿನ ಇದೇ ಮಾವ ಓಣಿಗೆಲ್ಲ ಪೇಡೆ ಹಂಚಿದರು. ಆಮೇಲೆ ಗೊತ್ತಾಯಿತು ಅದರ ಒಳಮರ್ಮ: ಹಿಂದೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ ಒಂದಿಷ್ಟು ಸೇರಿಸಿ, ಅಷ್ಟು ಮಾತ್ರ ಪುಕ್ಕಟೆ. ಅದನ್ನು ದಾಟಿದ್ದಕ್ಕೆ ಬಿಲ್ಲು. ಜೀವಮಾನವಿಡೀ ದೀಪ ಆರಿಸುತ್ತಲೇ ಬಂದ ಮಾವನ ಪಾಲಿಗೆ ಬಂದದ್ದು ಚಿಟಿಕೆಯಷ್ಟು! ಟಿ.ವಿ. ಹಚ್ಚಿಟ್ಟು ಹಗಲೆಲ್ಲ ನಿದ್ದೆ ಹೊಡೆಯುವ ಪಕ್ಕದ ಮನೆಯವರಿಗೆ ಬುಟ್ಟಿ ತುಂಬ! ಮಾವ ನೇರ ಕರೆಂಟ್ ಆಫೀಸಿಗೆ ಹೋದರು.

"ಉರಿಸಿದವ್ರಿಗೆ ಜಾಸ್ತಿ, ಉಳಿಸಿದವ್ರಿಗೆ ಕಡಿಮಿ. ಇದ್ಯಾವ ನ್ಯಾಯರೀ?"

ಗುಮಾಸ್ತರು ಅವರ ಹಳೆಯ ಬಿಲ್ಲುಗಳನ್ನು ತಿರುವಿ ಹಾಕಿ, "ನಿಮ್ಮನ್ಯಾಗ ಮಂದಿ ಅದಾರೇನ್ರಿ? ನಾವು ಬೀಗ ಹಾಕಿದ ಮನಿ ಅಂತ ತಿಳಕೊಂಡಿದ್ವಿ" ಎಂದರಂತೆ.

ಅಂದಿನಿಂದ ಮಾವ ಹಟಕ್ಕೆ ಬಿದ್ದರು. ಎಷ್ಟೇ ಚಿಟಿಕೆಯಾಗಲಿ, ಅದರೊಳಗೇ ಸಂಸಾರ ನಡೆಯಬೇಕು, ಬಿಲ್ಲಿನ ಕೆಳಗೆ ಸೊನ್ನೆಯೇ ಬರಬೇಕು! ನಳಕ್ಕೆ ನೀರು ಬಂದ ದಿನ ಮೋಟರ್ ಹಚ್ಚದೆ, ಕೊಡ ಹೊತ್ತು ಏಣಿ ಹತ್ತಿ ಮಾಳಿಗೆಯ ಟಾಕಿಗೆ ಸುರಿದರು. ಸೊಂಟ ಹಿಡಿಯಿತು, ಸೊನ್ನೆ ಮಾತ್ರ ತಪ್ಪಲಿಲ್ಲ. ಆ ಬಿಲ್ಲುಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಇಂಥವರ ಮನೆಗೆ ಈ ಬೇಸಿಗೆಯಲ್ಲಿ ನನ್ನ ಅವ್ವ ಹೋಗಬೇಕಾಯಿತು. ಅವ್ವನಿಗೆ ರಾಣೆಬೆನ್ನೂರಿನಲ್ಲಿ ಮೊಣಕಾಲಿನ ಆಪರೇಶನ್ ಆಗಿತ್ತು. ಹಾವೇರಿಯ ನಮ್ಮ ಬಾಡಿಗೆ ಮನೆಗೋ ಮೂವತ್ತು ಮೆಟ್ಟಿಲು. "ಅಕ್ಕ ನಮ್ಮನಿಗೇ ಬರ್ತಾಳ" ಎಂದು ಮಾವ ಆಸ್ಪತ್ರೆಯಿಂದಲೇ ಕರೆದೊಯ್ದರು. ಅವ್ವನಿಗೆ ಸೆಕೆ ತಡೆಯುವುದಿಲ್ಲ. ಆದರೂ ತಮ್ಮನನ್ನು ಬಲ್ಲವಳು, ಕಾರು ಹತ್ತುವ ಮೊದಲೇ ಕರಾರು ಹಾಕಿದಳು: "ನನ್ನ ಸಲುವಾಗಿ ನಿನ್ನ ಸೊನ್ನಿ ತಪ್ಪಿತಂದ್ರ, ಮರುದಿನಾನ ಎದ್ದು ಹಾವೇರಿಗೆ ಹೊಕ್ಕೇನಿ ನೋಡು!"

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಅವ್ವನನ್ನು ನೆನೆಸಿಕೊಂಡೇ ಬಸ್ಸಿಳಿದೆ. ಹೋಗಿ ನೋಡಿದರೆ ಅವಳ ಮಂಚದ ಪಕ್ಕದಲ್ಲಿ ಹೊಚ್ಚಹೊಸ ಕೂಲರ್ ಭರ್ರೆನ್ನುತ್ತಿದೆ!

"ಇದು ಬಲ್ಬಿನಷ್ಟೂ ಕರೆಂಟ್ ತಿನ್ನೂದಿಲ್ಲಂತ. ನಿಮ್ಮ ಮಾವ ಹೇಳ್ಯಾನ," ಎಂದಳು ಅವ್ವ ಮುಗ್ಧವಾಗಿ.

ನಾನು ಮಾತಾಡುವಷ್ಟರಲ್ಲಿ ಮೀಟರ್ ನೋಡುವವನು ಬಂದು ಬಿಲ್ಲು ಹರಿದು ಮಾವನ ಕೈಗಿತ್ತ. ನಾನೂ ಹೊರಗೆ ಹೋಗಿ ಅವರ ಭುಜದ ಮೇಲಿಂದ ಇಣುಕಿದೆ. ಸೊನ್ನೆಯೇನೋ ಇತ್ತು, ಆದರೆ ಅದರ ಎಡಕ್ಕೆ ಬೇರೆ ಅಂಕಿಗಳೂ ಇದ್ದವು! ನನಗೆ ಅವ್ವನ ಕರಾರು ನೆನಪಾಯಿತು.

"ಎಷ್ಟ ಬಂತೋ ತಮ್ಮಾ?" ಒಳಗಿನಿಂದ ಅವ್ವನ ದನಿ.

ಮಾವ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಳಿಸಿದರು. ಸುಮ್ಮನಿರು ಎಂದು ನನಗೆ ಕಣ್ಸನ್ನೆ ಮಾಡಿದರು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಸೊನ್ನೀನ ಬಂದೈತಿ ಅಕ್ಕಾ!" ಎಂದರು.

ಅರ್ಧ ಯೂನಿಟ್ಟಿನ ವಿಷಯದಲ್ಲೂ ಸುಳ್ಳಾಡದ ಮನುಷ್ಯ! ನನಗೆ ಕಣ್ಣು ತುಂಬಿ ಬಂತು.

"ಹಂಗಾದ್ರ ಇನ್ನೊಂದೀಟು ಜೋರ ಇಡಪಾ," ಎಂದಳು ಅವ್ವ.

ಮಾವ ಓಡಿ ಹೋಗಿ ಇಟ್ಟರು.