ಮುದೀರರ ಮ್ಯಾಗ್ನಮ್‌ಗಳೂ ನನ್ನ ಪಾಸ್‌ಪೋರ್ಟೂ

ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದವರನ್ನು ಕೇಳಿ ನೋಡಿ, ಕೆಲಸದಿಂದ ಸುಸ್ತಾದೆ ಅಂತ ಯಾರೂ ಹೇಳುವುದಿಲ್ಲ. ಧಣಿಯ ಖಯಾಲಿಯಿಂದ ಸುಸ್ತಾದೆ ಅನ್ನುತ್ತಾರೆ. ಒಬ್ಬರ ಧಣಿಗೆ ಗಿಡುಗ ಸಾಕುವ ಹುಚ್ಚು, ಇನ್ನೊಬ್ಬರ ಧಣಿಗೆ ಒಂಟೆ ಓಡಿಸುವ ಹುಚ್ಚು. ನನ್ನ ಹಣೆಯಲ್ಲಿ ಬರೆದಿದ್ದ ಮುದೀರರಿಗೆ, ಅಂದರೆ ನಮ್ಮ ಏಸಿ ಬಿಡಿಭಾಗಗಳ ಕಂಪನಿಯ ಮಾಲೀಕರಿಗೆ, ಮ್ಯಾಗ್ನಮ್ ರಿವಾಲ್ವರುಗಳ ಹುಚ್ಚು. ಸಾಧಾರಣ ರಿವಾಲ್ವರ್ ಅವರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಎತ್ತಿದರೆ ಮಣಿಕಟ್ಟು ಸೋಲಬೇಕು, ಸಿಡಿದರೆ ಪಕ್ಕದವನ ಕಿವಿ ಮುಚ್ಚಬೇಕು. "ಇದರಿಂದ ಆನೆ ಹೊಡೆಯಬಹುದು" ಎನ್ನುತ್ತಿದ್ದರು. ಕುವೈತಿನಲ್ಲಿ ಆನೆ ಎಲ್ಲಿದೆ ಎಂದು ಕೇಳುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಎಲ್ಲದಕ್ಕೂ ಲೈಸೆನ್ಸ್ ಇತ್ತು. ಬುದ್ಧಿಗೆ ಲೈಸೆನ್ಸ್ ಬೇಕೆಂಬ ಕಾನೂನು ಮಾತ್ರ ಎಲ್ಲೂ ಇಲ್ಲ.

ನಾನು ಅವರ ಸೆಕ್ರೆಟರಿ. ಆ ವರ್ಷದ ಕೊನೆಗೆ ಊರಿನಲ್ಲಿ ನನ್ನ ತಂಗಿಯ ಮದುವೆ. ಅಪ್ಪ ತೀರಿಹೋಗಿದ್ದರು, ಧಾರೆ ಎರೆಯಬೇಕಾದವನು ನಾನೇ. ಆದರೆ ಆ ಕಾಲದ ರೂಢಿಯಂತೆ ನಮ್ಮೆಲ್ಲರ ಪಾಸ್‌ಪೋರ್ಟ್ ಮುದೀರರ ಕಪಾಟಿನಲ್ಲಿ ಕೂತಿತ್ತು. ಕೇಳಿದಾಗಲೆಲ್ಲ "ಬುಕ್ರಾ, ಬುಕ್ರಾ" ಎನ್ನುತ್ತಿದ್ದರು. ಬುಕ್ರಾ ಅಂದರೆ ನಾಳೆ. ಆ ನಾಳೆ ಬರುವವರೆಗೆ ಅವರ ರಿವಾಲ್ವರುಗಳ ಜೊತೆ ಹಲ್ಲು ಕಿರಿದುಕೊಂಡು ಏಗಬೇಕಾಯಿತು.

ಮಾತಾಡುವ ಕಲೆ

ಒಂದು ಬೆಳಿಗ್ಗೆ ಕಂಪ್ರೆಸರ್ ಮಾರುವ ಏಜೆಂಟ್ ಒಬ್ಬ ಬಂದ. ದರ ಏರಿಸಿದ್ದೇವೆ ಎಂದು ಹೇಳಲು ಸೂಟು ಹಾಕಿಕೊಂಡು, ಸೆಂಟು ಬಡಿದುಕೊಂಡು ತಯಾರಾಗಿ ಬಂದಿದ್ದ. ಮುದೀರರು ಆಗಷ್ಟೇ ಒಂದು ರಿವಾಲ್ವರನ್ನು ಮೇಜಿನ ಮೇಲೆ ಇಟ್ಟುಕೊಂಡು, ಎಣ್ಣೆ ಬಟ್ಟೆಯಿಂದ ಮೊಮ್ಮಗುವನ್ನು ಒರೆಸಿದಂತೆ ಒರೆಸುತ್ತಿದ್ದರು. ಏಜೆಂಟ್ ಕುರ್ಚಿಯಲ್ಲಿ ಕೂತ. ಮುದೀರರು ನಳಿಗೆಯೊಳಗೆ ಧೂಳಿದೆಯೇ ಎಂದು ಒಂದು ಕಣ್ಣು ಮುಚ್ಚಿ ಇಣುಕಿದರು. ನಳಿಗೆಯ ಇನ್ನೊಂದು ತುದಿಯಲ್ಲಿ ಏಜೆಂಟನ ಟೈ ಇತ್ತು.

"ಹೇಳಿ, ಏನು ದರ?" ಎಂದರು.

"ಹಳೆಯದೇ ಸರ್," ಎಂದ ಏಜೆಂಟ್. ಮುದೀರರು ಗುಂಡಿನ ಉರುಳೆಯನ್ನು ಟರ್ರನೆ ತಿರುಗಿಸಿದರು. "ಅದರಲ್ಲೂ ಸ್ವಲ್ಪ ಕಮ್ಮಿ ಮಾಡಬಹುದು ಸರ್," ಎಂದು ಸೇರಿಸಿದ.

ಅವನು ಚಹಾ ಕೂಡ ಮುಟ್ಟದೆ ಹೋದ. ಮುದೀರರು ನನ್ನ ಕಡೆ ತಿರುಗಿ, "ನೋಡಿದೆಯಾ? ನೀವು ಇಂಡಿಯಾದವರು ಚೌಕಾಸಿ ಅಂತ ಗಂಟೆಗಟ್ಟಲೆ ಬಡಬಡಿಸುತ್ತೀರಿ. ಮಾತಾಡುವ ಕಲೆ ಅಂದರೆ ಇದು," ಎಂದರು.

ವಫ್ರಾದ ಕಲ್ಲಂಗಡಿ

ದಕ್ಷಿಣಕ್ಕೆ ವಫ್ರಾದಲ್ಲಿ ಅವರದ್ದೊಂದು ತೋಟ. ಶುಕ್ರವಾರ ಅಲ್ಲಿ ಗುರಿ ಅಭ್ಯಾಸ. ರಜೆಯ ದಿನ ಬಟ್ಟೆ ಒಗೆದು ಮಲಗಬೇಕಾದ ನಾನು ಗುಂಡಿನ ಪೆಟ್ಟಿಗೆ ಹೊರಲು ಹೋಗಬೇಕು. ಹೋಗದಿದ್ದರೆ ಬುಕ್ರಾ ಇನ್ನೂ ದೂರ ಹೋಗುತ್ತದಲ್ಲ.

ತೋಟದ ಕೆಲಸದವರು ಮರಳು ದಿಣ್ಣೆಯ ಮೇಲೆ ಸಾಲಾಗಿ ಕಲ್ಲಂಗಡಿ ಇಡುತ್ತಿದ್ದರು. ಮುದೀರರು ಕಾಲಗಲಿಸಿ ನಿಂತು, ಉಸಿರು ಬಿಗಿಹಿಡಿದು ಹೊಡೆದರು. ರಿವಾಲ್ವರ್ ಹಿಂದಕ್ಕೆ ಒದ್ದು ಅವರ ಹಣೆಗೇ ಬಡಿಯಿತು. ತಲೆವಸ್ತ್ರವನ್ನು ಹಿಡಿದಿದ್ದ ಕರಿ ಬಳೆ ಹಾರಿ ಮೂಲಂಗಿ ಪಾತಿಗೆ ಬಿತ್ತು. ಕಲ್ಲಂಗಡಿ ಇದ್ದಲ್ಲೇ ಇತ್ತು.

"ಗಾಳಿ," ಎಂದರು ಮುದೀರರು.

ಗಿಡದ ಒಂದೆಲೆಯೂ ಅಲುಗುತ್ತಿರಲಿಲ್ಲ. ಎರಡನೆಯದಕ್ಕೆ ಬಿಸಿಲು ಕಾರಣವಾಯಿತು, ಮೂರನೆಯದಕ್ಕೆ ನಾನು ಕೆಮ್ಮಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲ, ಗಾಳಿ, ಸೆಕ್ರೆಟರಿ ಯಾರನ್ನೂ ಬಿಡಲಿಲ್ಲ.

ಗುರಿಗೆ ಇಟ್ಟ ಹಣ್ಣು ಮತ್ತೆ ಮನೆಗೆ ತರಬಾರದು, ಕೆಲಸದವರೇ ಇಟ್ಟುಕೊಳ್ಳಲಿ ಎಂಬುದು ಮುದೀರರ ಔದಾರ್ಯ. ಪ್ರತಿ ಶುಕ್ರವಾರ ಒಂದು ಸಾಲು ಹಣ್ಣು ಗೀರೂ ಬೀಳದೆ ಕೆಲಸದವರ ಪಾಲಾಗುತ್ತಿತ್ತು. ಒಮ್ಮೆ ಮುದೀರರಿಗೆ ಜ್ವರ ಬಂದು ಹೋಗಲಿಲ್ಲ. ತೋಟದಿಂದ ಮೇಸ್ತ್ರಿಯ ಫೋನು, "ಭಾಯಿ, ಸಾಹೇಬರು ಬೇಗ ಗುಣವಾಗಲಿ ಅಂತ ನಾವೆಲ್ಲ ದುವಾ ಮಾಡುತ್ತಿದ್ದೇವೆ."

ಊರಿನ ಶಿಕಾರಿ

ಹುಚ್ಚು ಧಣಿಗಳಿಗೆ ಮಾತ್ರ ಇರುತ್ತದೆ ಎಂದರೆ ತಪ್ಪಾಗುತ್ತದೆ. ನಾನಿದ್ದ ಖೈತಾನ್ ಬಡಾವಣೆಯಲ್ಲಿ, ನಮ್ಮ ಕೆಳಗಿನ ಫ್ಲಾಟಿನಲ್ಲಿ ಒಬ್ಬರು ಪೊರ್ಬುಗಳಿದ್ದರು. ಕೊಂಕಣಿ ಕ್ರಿಸ್ತಿಯನ್ನರನ್ನು ನಾವು ತುಳುವರು ಕರೆಯುವುದು ಹಾಗೆ. ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ, ಬಾಯಲ್ಲಿ ಮಾತ್ರ ಬರೀ ಶಿಕಾರಿ. "ನಾನು ಊರಲ್ಲಿ ಕೋವಿ ಹಿಡಿದು ಹಂದಿ ಹೊಡೆದವ ಮಾರಾಯ್ರೆ. ನಿಮ್ಮ ಅರಬ್ಬಿಗೆ ಹಿಡಿಯಲಿಕ್ಕೇ ಗೊತ್ತಿಲ್ಲ. ಒಮ್ಮೆ ಕರ್ಕೊಂಡು ಹೋಗಿ, ತೋರಿಸ್ತೇನೆ," ಎಂದು ಬೆನ್ನು ಬಿದ್ದರು. ಕರೆದುಕೊಂಡು ಹೋದೆ.

ಮುದೀರರು ಖುಷಿಯಿಂದ ಇದ್ದುದರಲ್ಲೇ ದೊಡ್ಡದನ್ನು ಅವರ ಕೈಗಿಟ್ಟರು. ಪೊರ್ಬುಗಳು ಒಂದು ಕೈ ಸೊಂಟದ ಮೇಲಿಟ್ಟು, ಫೋಟೋಕ್ಕೆ ನಿಂತ ಹಾಗೆ ನಿಂತು, ಒಂದೇ ಕೈಯಲ್ಲಿ ಹೊಡೆದರು. ಮರುಕ್ಷಣ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ಗುಂಡು ಕಲ್ಲಂಗಡಿಯ ಎಷ್ಟೋ ಮೇಲಿನಿಂದ ಹಾರಿ ತೋಟದ ನೀರಿನ ಟ್ಯಾಂಕಿಗೆ ತೂತು ಮಾಡಿತು. ಅಲ್ಲಿ ಏನಾದರೊಂದಕ್ಕೆ ಗುಂಡು ತಗುಲಿದ್ದು ಅದೇ ಮೊದಲು. ಮುದೀರರು ಚಪ್ಪಾಳೆ ತಟ್ಟಿದರು.

ಸಂಜೆ ಇಗರ್ಜಿಯಲ್ಲಿ ಪೂಜೆಗೆ ಕೂತಾಗಲೂ ಪೊರ್ಬುಗಳ ಕಿವಿಯಲ್ಲಿ ಜೇನುಗೂಡು. ಪಾದ್ರಿಗಳು ಪ್ರವಚನದ ನಡುವೆ ಉಸಿರು ತೆಗೆದುಕೊಳ್ಳಲು ನಿಂತರು. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಪೊರ್ಬುಗಳು ಹೆಂಡತಿಯನ್ನು ಇಡೀ ಇಗರ್ಜಿಗೆ ಕೇಳುವಂತೆ ಕೇಳಿದರು, "ಶೆರ್ಮಾಂವ್ ಸಂಪ್ಲೊಗೀ?" ಪ್ರವಚನ ಮುಗಿಯಿತಾ ಎಂದು.

ಪಾದ್ರಿಗಳು ಮೇಲಿನಿಂದಲೇ, "ಈಗ ಮುಗಿಯಿತು," ಎಂದು ಇಳಿದು ಬಂದರಂತೆ. ಇದನ್ನು ಹೇಳಿದ್ದು ಅವರ ಮನೆಯ ಬಾಯಮ್ಮ, ಅಂದರೆ ಹೆಂಡತಿ. ಗಂಡನಿಗೆ ಕೇಳಿಸದೆಂಬ ಧೈರ್ಯದಿಂದ ಅವರ ಎದುರಿಗೇ ಹೇಳಿದರು.

ತುಕ್ಕು

ಮುದೀರರು ಜಗತ್ತಿನಲ್ಲಿ ಹೆದರುತ್ತಿದ್ದುದು ಒಂದಕ್ಕೇ, ತುಕ್ಕಿಗೆ. ನವರಾತ್ರಿಯ ಹೊತ್ತು. ನಮ್ಮ ಸ್ಟೋರ್ ನೋಡಿಕೊಳ್ಳುತ್ತಿದ್ದ ಅಣ್ಣ, ನಮ್ಮ ಊರ ಕಡೆಯವರೇ, ವರ್ಷವೂ ರಾಶಿ ಪೆಟ್ಟಿಗೆಗಳ ಹಿಂದೆ ಸದ್ದಿಲ್ಲದೆ ಆಯುಧ ಪೂಜೆ ಮಾಡುತ್ತಿದ್ದರು. ಸ್ಪ್ಯಾನರು, ವ್ಯಾನಿನ ಕೀಲಿ, ಸ್ಟೇಪ್ಲರ್, ಎಲ್ಲಕ್ಕೂ ಕುಂಕುಮ. ಅಂದು ಮುದೀರರು ನಮಾಜಿಗೆ ಹೋಗುವಾಗ ಒಂದು ರಿವಾಲ್ವರಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಹೋದರು. ನಾನು ಅದನ್ನು ಹಿಡಿದುಕೊಂಡೇ ಸ್ಟೋರಿಗೆ ಹೋದೆ.

"ಸ್ಟೇಪ್ಲರಿಗೆ ಪೂಜೆ ಮಾಡ್ತೇವೆ. ನಿಜವಾದ ಆಯುಧವೇ ಬಂದಾಗ ಬಿಟ್ಟರೆ ಅಮ್ಮನವರು ಮೆಚ್ಚುತ್ತಾರಾ ಮಾರಾಯ?" ಎಂದು ಅಣ್ಣ ಒಂದು ಬೊಟ್ಟು ಇಟ್ಟೇಬಿಟ್ಟರು. ನಾನು ಆಮೇಲೆ ಒರೆಸಿದೆ. ಮೂಲೆಯಲ್ಲಿ ಉಳಿದದ್ದು ಕಾಣಲಿಲ್ಲ.

ಮುದೀರರಿಗೆ ಕಂಡಿತು. ಬೆರಳಿನಿಂದ ಉಜ್ಜಿದರು, ಬೆರಳು ಕೆಂಪಾಯಿತು. ಮುಖ ಬಿಳಿಚಿತು. "ತುಕ್ಕು," ಎಂದರು. ಮನೆಯಲ್ಲಿ ಯಾರೋ ಹೋದರು ಎನ್ನುವ ಧ್ವನಿ. ಇಷ್ಟು ಬೇಗ ತುಕ್ಕು ಹಿಡಿಯಬೇಕಾದರೆ ಆಫೀಸಿನ ಗಾಳಿಯಲ್ಲೇ ತೇವ ಇದೆ ಎಂದು ತೀರ್ಮಾನಿಸಿ, ಸ್ಟೋರಿನ ಏಸಿಯನ್ನು ಕಳಚಿಸಿ ರಿವಾಲ್ವರುಗಳ ಕೋಣೆಗೆ ಎರಡನೆಯ ಏಸಿಯಾಗಿ ಕೂರಿಸಿದರು. ಗಾಳಿ ಹೊಗದ, ನಂಬರ್ ಬೀಗದ ದೊಡ್ಡ ಹೊಸ ಕಪಾಟೂ ಬಂತು. ರಿವಾಲ್ವರುಗಳೆಲ್ಲ ಅದರೊಳಗೆ ಹೋದವು, ಜೊತೆಗೆ ನಮ್ಮ ಪಾಸ್‌ಪೋರ್ಟುಗಳೂ.

ಸ್ಟೋರಿನಲ್ಲಿ ಬನಿಯನ್ ಹಿಂಡುತ್ತಾ ಅಣ್ಣ ಹೇಳಿದರು, "ಅಮ್ಮನವರು ಒಲಿದದ್ದು ಹೌದು. ಆಯುಧಕ್ಕೆ ಮಾತ್ರ ಒಲಿದದ್ದು."

ಒಂದೇ ಗುಂಡು

ಅಂತೂ ರಜೆಗೆ ಸಹಿ ಬಿತ್ತು. ಪಾಸ್‌ಪೋರ್ಟನ್ನು ಮಾತ್ರ ಹೊರಡುವ ದಿನವೇ ಕೊಡುತ್ತೇನೆ ಎಂದರು. ಸಂಜೆ ವಿಮಾನ, ಮರುದಿನ ಊರಲ್ಲಿ ಮದುವೆ. ಬೆಳಿಗ್ಗೆ ಸೂಟ್‌ಕೇಸ್ ಸಮೇತ ಆಫೀಸಿಗೆ ಹೋದೆ. ಮುದೀರರು ಕಪಾಟಿನ ಮುಂದೆ ಕೂತು ನಂಬರು ಒತ್ತುತ್ತಿದ್ದರು. ಕಪಾಟು ಬೀಪ್ ಎನ್ನುತ್ತಿತ್ತು, ತೆರೆಯುತ್ತಿರಲಿಲ್ಲ.

"ಯಾವ ಕಳ್ಳನಿಗೂ ಹೊಳೆಯದ ನಂಬರು ಇಟ್ಟಿದ್ದೇನೆ," ಎಂದರು. ತಮಗೆ ಅತಿ ಪ್ರೀತಿಯ ಮೂರು ರಿವಾಲ್ವರುಗಳ ಗುಂಡಿನ ಅಳತೆಯನ್ನು ಪ್ರೀತಿಯ ಕ್ರಮದಲ್ಲಿ ಜೋಡಿಸಿದ ನಂಬರು. ಆದರೆ ಅವರ ಪ್ರೀತಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ನಂಬರು ಇಟ್ಟ ವಾರ ಯಾವುದರ ಮೇಲೆ ಹೆಚ್ಚು ಪ್ರೀತಿ ಇತ್ತೆಂದು ನೆನಪಾಗುತ್ತಿರಲಿಲ್ಲ. ನಲವತ್ತನಾಲ್ಕನ್ನು ಮೊದಲು ಒತ್ತಿದರು, ಮುನ್ನೂರೈವತ್ತೇಳನ್ನು ಮೊದಲು ಒತ್ತಿದರು. ಕೊನೆಗೆ ಕಪಾಟು ಬೀಪ್ ಎನ್ನುವುದನ್ನೂ ನಿಲ್ಲಿಸಿತು.

ನನಗೆ ಅಳು ಬರುವಂತಾಯಿತು. ತಂಗಿ ಮಂಟಪದಲ್ಲಿ ಕೂತು ಬಾಗಿಲು ನೋಡುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಬೀಗದವನು ಡ್ರಿಲ್ ಹಿಡಿದು ಬಂದು, ಇದು ಸಂಜೆಯಾದರೂ ಆಗಬಹುದು ಎಂದ.

ಮುದೀರರು ಎದ್ದು ನಿಂತರು. "ಡ್ರಿಲ್ ಯಾಕೆ? ಖಲಾಸ್. ನನ್ನ ಮ್ಯಾಗ್ನಮ್ ಮುಂದೆ ಯಾವ ಬೀಗ ನಿಲ್ಲುತ್ತದೆ? ಒಂದೇ ಗುಂಡು. ಎಲ್ಲ ಹಿಂದೆ ಸರಿಯಿರಿ," ಎಂದರು. ಬೀಗದವನು ಬಾಗಿಲಿನಾಚೆ ಓಡಿದ. ಸ್ಟೋರಿನ ಅಣ್ಣ ಮೇಜಿನ ಕೆಳಗೆ ಹೋದರು. ನಾನು ಗೋಡೆಗೆ ಒರಗಿದೆ. ಮುದೀರರು ಅಂಗಿಯ ತೋಳು ಮೇಲೇರಿಸಿ, ಕಾಲಗಲಿಸಿ ನಿಂತು, ನನ್ನತ್ತ ಕೈ ಚಾಚಿದರು.

"ತಾ."

"ಎಲ್ಲಿದೆ ಸರ್?"

ಅವರು ಕಪಾಟನ್ನು ನೋಡಿದರು. ಆಮೇಲೆ ಬೀಗದವನನ್ನು ಒಳಗೆ ಕರೆಯಲು ಹೇಳಿದರು.

ಡ್ರಿಲ್ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಮುದೀರರು ಮೊದಲು ಒಂದೊಂದೇ ರಿವಾಲ್ವರ್ ಹೊರತೆಗೆದು ಮೈ ಸವರಿ ನೋಡಿದರು. ಕೊನೆಗೆ ನನ್ನ ಪಾಸ್‌ಪೋರ್ಟ್ ಬಂತು. ಓಡಿದೆ, ವಿಮಾನ ಸಿಕ್ಕಿತು. ಧಾರೆಯ ನಡುನಡುವೆಯೂ ಎದೆಯ ಜೇಬಿನ ಪಾಸ್‌ಪೋರ್ಟನ್ನು ಮುಟ್ಟಿ ನೋಡಿಕೊಂಡೆ. ತಂಗಿಯನ್ನು ಕಳಿಸುವ ದುಃಖಕ್ಕೆ ಎದೆ ಹಿಡಿದುಕೊಳ್ಳುತ್ತಿದ್ದಾನೆ ಎಂದು ನೆಂಟರು ಕಣ್ಣೊರೆಸಿಕೊಂಡರು.

ರಜೆ ಮುಗಿಸಿ ಮರಳಿದ ದಿನ ಪಾಸ್‌ಪೋರ್ಟನ್ನು ಮುದೀರರ ಕೈಗೆ ಕೊಟ್ಟೆ. ಅದು ಮತ್ತೆ ಕಪಾಟಿನೊಳಗೆ ಹೋಯಿತು. ಕಪಾಟಿಗೆ ಹೊಸ ಬೀಗ ಬಂದಿತ್ತು. ಡ್ರಿಲ್ಲಿನ ಹಳೆಯ ತೂತನ್ನು ಮಾತ್ರ ಮುಚ್ಚಿಸದೆ, ಸುತ್ತ ಹಿತ್ತಾಳೆಯ ಬಳೆ ಕೂರಿಸಿ ಉಜ್ಜಿಸಿದ್ದರು. ಸಂಜೆ ಅವರ ಗೆಳೆಯರು ಬಂದರು. ಒಬ್ಬೊಬ್ಬರೇ ಆ ತೂತಿಗೆ ಬೆರಳು ಹಾಕಿ "ಮಾಶಾ ಅಲ್ಲಾ" ಎನ್ನುತ್ತಿದ್ದರು.

"ಒಂದೇ ಗುಂಡು," ಎನ್ನುತ್ತಿದ್ದರು ಮುದೀರರು. ನಾನು ಚಹಾ ತಟ್ಟೆ ಹಿಡಿದು ಒಳಗೆ ಬಂದೆ. "ಬೇಕಾದರೆ ಇವನನ್ನೇ ಕೇಳಿ. ಎದುರಿಗೇ ನಿಂತಿದ್ದ."

ಎಲ್ಲರೂ ನನ್ನನ್ನು ನೋಡಿದರು. ನಾನು ಕಪಾಟನ್ನು ನೋಡಿದೆ.

"ಐವಾ, ಹೌದು ಸರ್," ಎಂದೆ. "ಗುರಿ ಸ್ವಲ್ಪವೂ ತಪ್ಪಲಿಲ್ಲ."